ಮಗ್ಗ ನೋಡಲು ಕಿನ್ನೌರಿಗೆ

ಹಿಮಾಲಯಕ್ಕೆ ಹೋಗಬೇಕು ಅಂತ ನಮ್ಮ ಮನೆಯಲ್ಲಿ ಮೊದಲು ಬಾಯಿಬಿಟ್ಟು ಹೇಳಿದವರು ನಮ್ಮತ್ತೆ. ಆಗ ಅವರಿಗೆ ಅರವತ್ತೇಳು ವರ್ಷ. ಅದುವರೆಗೆ ಅವರು ನೋಡಿದ್ದ ದೂರದ ಊರೆಂದರೆ ತಿರುಪತಿ. ಮಿಕ್ಕಂತೆ ಪಳನಿ, ಮಧುರೆ, ಧಾರಾಪುರದ ನೆಂಟರ ಮನೆ, ನನ್ನ ತವರು ಕೊಳ್ಳೇಗಾಲ. ಇಷ್ಟೇ ಅವರ ಭೂಪಟ.

ಅದೊಂದು ಏಪ್ರಿಲ್ ತಿಂಗಳ ಭಾನುವಾರ, ಮಧ್ಯಾಹ್ನ. ಕೊಯಮತ್ತೂರಿನ ಬಳಿಯ ಸೋಮನೂರಿನ ನಮ್ಮ ಮನೆಯ ಪಕ್ಕದಲ್ಲೇ ಶೆಡ್ಡು. ಅದರಲ್ಲಿ ಎಂಟು ಪವರ್‌ಲೂಮು. ಭಾನುವಾರ ಅವು ಸುಮ್ಮನಿರುತ್ತವೆ, ಆದ್ದರಿಂದ ಟಿವಿಯಲ್ಲಿ ಹೇಳುವುದು ಕಿವಿಗೆ ಬೀಳುತ್ತದೆ. ಅತ್ತೆ ಮೊರದಲ್ಲಿ ನುಗ್ಗೆಸೊಪ್ಪು ಬಿಡಿಸುತ್ತಾ ಯಾವುದೋ ತಮಿಳು ಚಾನೆಲ್ ನೋಡುತ್ತಿದ್ದರು. ನಾನು ಅಡುಗೆಮನೆಯಲ್ಲಿದ್ದೆ.

"ಅಮ್ಮಣಿ, ಬೇಗ ಬಾ ಇಲ್ಲಿ. ಈ ಹೆಂಗಸಿನ ತರಿ ನೋಡು!"

ನಮ್ಮ ಮನೆಯಲ್ಲಿ ಮಗ್ಗಕ್ಕೆ ತಮಿಳಿನವರ ಹಾಗೆ ತರಿ ಅಂತಲೇ ಹೇಳುವುದು. ಕೈ ಒರೆಸಿಕೊಂಡು ಬಂದು ನೋಡಿದೆ. ಮರವೇ ಇಲ್ಲದ ಬೋಳು ಬೆಟ್ಟಗಳ ನಡುವೆ ಮಣ್ಣಿನ ಮನೆಯೊಂದರ ಅಂಗಳ. ಅಲ್ಲಿ ಒಬ್ಬ ಹೆಂಗಸು ಬಿಸಿಲಿನಲ್ಲಿ ಕಾಲು ಚಾಚಿ ಕುಳಿತಿದ್ದಳು. ಎಳೆಗಳ ಒಂದು ತುದಿಯನ್ನು ಗೂಟಕ್ಕೆ ಬಿಗಿದು ಇನ್ನೊಂದು ತುದಿಯನ್ನು ಪಟ್ಟಿಯಿಂದ ತನ್ನ ಸೊಂಟಕ್ಕೇ ಕಟ್ಟಿಕೊಂಡು ನೇಯುತ್ತಿದ್ದಳು. ಎಳೆ ಬಿಗಿಯಾಗಬೇಕಾದರೆ ಹಿಂದಕ್ಕೆ ವಾಲುವಳು, ಸಡಿಲವಾಗಬೇಕಾದರೆ ಮುಂದಕ್ಕೆ ಬಗ್ಗುವಳು.

"ತರಿಗೆ ಕಾಲೇ ಇಲ್ಲ ನೋಡು. ಇವಳ ಮೈಯೇ ತರಿ," ಅಂದರು ಅತ್ತೆ. ಸೊಪ್ಪಿನ ಕಡ್ಡಿ ಕೈಯಲ್ಲೇ ಉಳಿದಿತ್ತು. ಕಾರ್ಯಕ್ರಮ ಮುಗಿದು ಸಾಬೂನಿನ ಜಾಹೀರಾತು ಶುರುವಾಯಿತು. ಅವರು ಆಮೇಲೂ ಆ ಕಡೆಯೇ ನೋಡುತ್ತಿದ್ದರು. ಕೊನೆಗೆ, "ಇದನ್ನ ನಾನು ಹೋಗಿ ನೋಡ್ಬೇಕು," ಅಂದರು.

ನಾನು ನಕ್ಕೆ. ಒಳಗೆ ಬಂದ ನನ್ನ ಗಂಡನೂ ನಕ್ಕರು. ಅತ್ತೆ ಮಾತ್ರ ನಗಲಿಲ್ಲ.

ನಮ್ಮತ್ತೆ ಹದಿನೇಳನೇ ವಯಸ್ಸಿಗೆ ಈ ಮನೆಗೆ ಸೊಸೆಯಾಗಿ ಬಂದವರು. ಬಂದ ಮರುವಾರವೇ ಕೈಮಗ್ಗಕ್ಕೆ ಕುಳಿತರಂತೆ. ಪವರ್‌ಲೂಮ್ ಬರುವವರೆಗೆ, ಅಂದರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, ಸೀರೆ ನೇಯ್ದರು. ಅಂಚಿನ ಕೆಲಸದಲ್ಲಿ ಅವರ ಕೈ ಚುರುಕು ಎಂದು ಬೀದಿಯಲ್ಲಿ ಹೆಸರಿತ್ತು. ಆಮೇಲೆ ಮಗ್ಗ ಹೋಯಿತು, ಯಂತ್ರ ಬಂತು. ಯಂತ್ರವನ್ನು ಅವರು ಬೈಯುವುದಿಲ್ಲ. "ಅದು ಬಂದ್ಮೇಲೇ ನನ್ನ ಬೆನ್ನುನೋವು ಹೋಯ್ತು," ಎನ್ನುತ್ತಾರೆ. ಈಗಲೂ ಶೆಡ್ಡಿನಲ್ಲಿ ಹಾಸು, ಅಂದರೆ ಉದ್ದದ ಎಳೆಗಳು, ಮುಗಿದು ಹೊಸದನ್ನು ಜೋಡಿಸುವಾಗ, ಎಳೆಗೆ ಎಳೆ ಗಂಟು ಹಾಕಲು ಅವರೇ ಬೇಕು. ಕಣ್ಣು ಮಂಜಾದರೂ ಬೆರಳಿಗೆ ಕಾಣುತ್ತದೆ.

ಮುಂದಿನ ಶನಿವಾರ ನಮ್ಮ ಮಗಳು ಮನೆಗೆ ಬಂದಳು. ಅವಳು ಕೊಯಮತ್ತೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅಲ್ಲೇ ಹಾಸ್ಟೆಲಿನಲ್ಲಿದ್ದು ವಾರದ ಕೊನೆಗೆ ಬರುತ್ತಾಳೆ. ಚಪ್ಪಲಿ ಬಿಡುವ ಮೊದಲೇ ಅಜ್ಜಿ ಅವಳನ್ನು ಹಿಡಿದುಕೊಂಡರು. ಅವಳು ಮೊಬೈಲಿನಲ್ಲಿ ಹುಡುಕಿ ಅದೇ ಕಾರ್ಯಕ್ರಮವನ್ನು ತೆಗೆದು ತೋರಿಸಿದಳು.

"ಇದು ಸ್ಪಿತಿ, ಅಜ್ಜಿ. ಹಿಮಾಚಲದ ತುತ್ತತುದಿ, ಆಚೆಗೆ ಟಿಬೆಟ್."

"ಬಸ್ಸು ಹೋಗುತ್ತಾ?"

"ಹೋಗುತ್ತೆ."

"ಮತ್ತೇನು?" ಎಂದು ಅತ್ತೆ ನನ್ನ ಮುಖ ನೋಡಿದರು.

ಅವರು ಹಾಗೆ ನೋಡಿದಾಗ ನಾನು ನಗಲಿಲ್ಲ. ಅದಕ್ಕೆ ನನ್ನದೇ ಒಂದು ಕಾರಣವಿತ್ತು. ನಾನು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಹತ್ತೊಂಬತ್ತು ವರ್ಷದಿಂದ ಚೆಕಿಂಗ್ ವಿಭಾಗದಲ್ಲಿದ್ದೇನೆ. ಹೊಲಿದು ಬಂದ ಉಡುಪನ್ನು ತಿರುಗಿಸಿ, ಹೊಲಿಗೆ ಬಿಟ್ಟಿದೆಯೇ, ಕಲೆ ಇದೆಯೇ, ತೂತಿದೆಯೇ ಎಂದು ನೋಡಿ ಮುಂದಕ್ಕೆ ಕಳಿಸುವುದು ನನ್ನ ಕೆಲಸ. ಪ್ರತಿ ಬೇಸಿಗೆಯಲ್ಲೂ ನಮಗೆ ಚಳಿ ದೇಶಗಳ ಆರ್ಡರ್ ಬರುತ್ತದೆ. ಮೈಗಂಟುವ ದಪ್ಪ ಬನಿಯನ್, ಒಳಪೈಜಾಮ, ಒಳಗೆ ತುಪ್ಪಳದ ಹಾಗಿರುವ ಬಟ್ಟೆ. ಹೊರಗೆ ತಾರು ಕರಗುವ ಬಿಸಿಲು, ಫ್ಯಾನಿನ ಕೆಳಗೂ ಬೆವರು. ನಾನು ಆ ತೋಳುಗಳೊಳಗೆ ಕೈ ಹಾಕಿ ಹೊಲಿಗೆ ನೋಡುತ್ತಿರುತ್ತೇನೆ. ಇವನ್ನೆಲ್ಲ ಹಾಕಿಕೊಳ್ಳುವಷ್ಟು ಚಳಿ ಹೇಗಿರುತ್ತದೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೆ. ಯಾರ ಹತ್ತಿರವೂ ಹೇಳಿರಲಿಲ್ಲ, ಹೇಳುವಂಥದ್ದೂ ಅಲ್ಲ. ಈಗ ಅತ್ತೆಯೇ ಬಾಗಿಲು ತೆರೆದರು.

"ಹೋಗೋಣ ಅತ್ತೆ," ಅಂದೆ.

ಬೀದಿಯಲ್ಲಿ ಸುದ್ದಿ ಹರಡಲು ಎರಡು ದಿನ ಸಾಕಾಯಿತು. ಎಲ್ಲರದೂ ಒಂದೇ ಪ್ರಶ್ನೆ. "ಯಾವ ಕೋವಿಲಿಗಮ್ಮ? ಕಾಶಿಯಾ, ಬದರಿಯಾ?" ಯಾವ ಗುಡಿಗೂ ಅಲ್ಲ, ಒಂದು ತರಿ ನೋಡೋಕೆ ಎಂದು ಅತ್ತೆ ಹೇಳಿದರೆ ಕೇಳಿದವರು ನನ್ನ ಕಡೆ ತಿರುಗಿ, ಅತ್ತೆಗೆ ಏನಾದರೂ ಆಗಿದೆಯಾ ಎಂಬಂತೆ ಹುಬ್ಬು ಹಾರಿಸುತ್ತಿದ್ದರು. ಎದುರು ಮನೆಯವರಂತೂ, "ಅಷ್ಟು ದೂರ ಹೋಗಿ ದೇವರನ್ನು ನೋಡದೆ ಬಂದರೆ ಹೇಗೆ?" ಎಂದು ನಿಜವಾಗಿಯೇ ಬೇಸರಪಟ್ಟರು.

ಆದರೆ ನಿಜವಾದ ತಡೆ ಮನೆಯೊಳಗೇ ಇತ್ತು. ನನ್ನ ಗಂಡ ಜಗಳದವರಲ್ಲ. ಇಷ್ಟವಿಲ್ಲದ್ದಕ್ಕೆ ಅವರು ಉತ್ತರವನ್ನೇ ಕೊಡುವುದಿಲ್ಲ. ನಾನು ಎರಡು ಸಲ ಕೇಳಿದೆ. ಮೂರನೆಯ ಸಲಕ್ಕೆ, "ಅವ್ವನಿಗೆ ಅಲ್ಲೇನಾದ್ರೂ ಆದ್ರೆ?" ಎಂದು ಮಾತ್ರ ಹೇಳಿ ಶೆಡ್ಡಿಗೆ ಹೋದರು.

ಆ ಮಾತಿನ ಹಿಂದೆ ಏನಿದೆ ಎಂದು ನನಗೆ ಗೊತ್ತಿತ್ತು. ನನ್ನ ಮದುವೆಗೆ ಎರಡು ವರ್ಷ ಮೊದಲು ಮಾವ ತೀರಿಕೊಂಡಿದ್ದರು. ಧಾರಾಪುರದಲ್ಲಿ ನೆಂಟರ ಮದುವೆ ಮುಗಿಸಿ ಅಪ್ಪ, ಅವ್ವ, ಮಗ ಮೂವರೂ ಬಸ್ಸಿನಲ್ಲಿ ಬರುತ್ತಿದ್ದಾಗ ದಾರಿಯಲ್ಲೇ ಎದೆನೋವು ಬಂತು. ಬಸ್ಸು ನಿಲ್ಲಿಸಿ ಒಂದು ವ್ಯಾನಿನಲ್ಲಿ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಆಗ ನನ್ನ ಗಂಡನಿಗೆ ಹತ್ತೊಂಬತ್ತು. ಅಪ್ಪನ ತಲೆ ಅವರ ತೊಡೆಯ ಮೇಲಿತ್ತಂತೆ. ಅಂದಿನಿಂದ ಅವರು ಅವ್ವನನ್ನು ದೂರ ಎಲ್ಲಿಗೂ ಕರೆದುಕೊಂಡು ಹೋಗಿಲ್ಲ. ತಿರುಪತಿಗೆ ಅತ್ತೆ ಹೋದದ್ದೂ ಬೀದಿಯ ಹೆಂಗಸರ ಜೊತೆಗೆ. ಅವರು ವಾಪಸ್ ಬರುವ ತನಕ ಇವರು ಸರಿಯಾಗಿ ಉಂಡಿರಲಿಲ್ಲ.

ಒತ್ತಾಯ ಮಾಡುವುದು ಬೇಡ ಎಂದುಕೊಂಡೆ. ಅಷ್ಟರಲ್ಲಿ ಮಗಳು ಒಂದು ಕೆಲಸ ಹಚ್ಚಿದಳು. ಅಲ್ಲಿ ಗಾಳಿ ತೆಳುವಾಗಿರುತ್ತದೆ, ಅಜ್ಜಿ ಮೊದಲು ಹತ್ತಿ ಇಳಿದು ಅಭ್ಯಾಸ ಮಾಡಲಿ, ಆಮೇಲೆ ಡಾಕ್ಟರಿಗೆ ತೋರಿಸೋಣ ಎಂದಳು. ಹಾಗಾಗಿ ಭಾನುವಾರ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಬಸ್ಸು ಹಿಡಿದು ಕೊಯಮತ್ತೂರಿನ ಗಾಂಧಿಪುರಕ್ಕೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಮರುದಮಲೆ ಬೆಟ್ಟಕ್ಕೆ ಹೋಗತೊಡಗಿದೆವು. ಮುರುಗನ ಗುಡಿಗೆ ಮೇಲಿನ ತನಕ ವಾಹನ ಹೋಗುತ್ತದೆ, ನಾವು ಮೆಟ್ಟಿಲು ಹಿಡಿದೆವು.

ಮೊದಲ ಭಾನುವಾರ ಅತ್ತೆ ಮೆಟ್ಟಿಲ ದಾರಿಯ ಪ್ರತಿ ಮಂಟಪದಲ್ಲೂ ಕುಳಿತರು. ಕುಳಿತಲ್ಲೆಲ್ಲ ಯಾರನ್ನಾದರೂ ಮಾತಿಗೆಳೆದರು. ಒಂದು ಕಡೆ ಹೊಸ ಮದುವೆಯ ಜೋಡಿ, ಇನ್ನೊಂದು ಕಡೆ ಮಜ್ಜಿಗೆ ಮಾರುವ ಹೆಂಗಸು. ಮೇಲೆ ಮುಟ್ಟುವಷ್ಟರಲ್ಲಿ ಪೂಜೆ ಮುಗಿದು ತೆರೆ ಎಳೆದಿದ್ದರು. ನಾಲ್ಕನೆಯ ಭಾನುವಾರದ ಹೊತ್ತಿಗೆ ಎರಡೇ ಕಡೆ ಕುಳಿತರು. ಮಜ್ಜಿಗೆಯವಳು, "ಏನು ಅಜ್ಜಿ, ಇವತ್ತು ನನ್ನ ಹತ್ತಿರ ನಿಲ್ಲಲೇ ಇಲ್ಲ?" ಎಂದು ಹಿಂದಿನಿಂದ ಕೂಗಿದಳು. ಅತ್ತೆ ತಿರುಗಿ ನೋಡದೆ ಕೈ ಬೀಸಿದರು. ನನಗೇ ಏದುಸಿರು, ಅವರ ಹಿಂದೆ ಓಡಬೇಕಾಯಿತು.

ಜೂನ್ ತಿಂಗಳಲ್ಲಿ ಕೊಯಮತ್ತೂರಿನ ಡಾಕ್ಟರ್ ಒಬ್ಬರ ಬಳಿ ಹೋದೆವು. ವಯಸ್ಸಾದ, ಮೆಲುಮಾತಿನ ಹೆಂಗಸು. ರಕ್ತ ಪರೀಕ್ಷೆ, ಇಸಿಜಿ, ಎಲ್ಲ ಮಾಡಿಸಿ ಕಾಗದಗಳನ್ನು ಮುಂದೆ ಹರಡಿಕೊಂಡು ತಮಿಳಿನಲ್ಲಿ ಹೇಳಿದರು. "ಹೃದಯ ಚೆನ್ನಾಗಿದೆ. ಆದರೆ ರಕ್ತ ಕಡಿಮೆ, ಬಿಪಿ ಸ್ವಲ್ಪ ಹೆಚ್ಚು. ಸ್ಪಿತಿ ಹನ್ನೆರಡು ಸಾವಿರ ಅಡಿಗಿಂತ ಮೇಲಿದೆ. ಅಲ್ಲಿಗೆ ಇವರನ್ನು ಕಳಿಸಲು ನಾನು ಒಪ್ಪುವುದಿಲ್ಲ."

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕುಳಿತಿದ್ದರು. ತಲೆಯೆತ್ತಿ ಕೇಳಿದರು. "ಎಷ್ಟು ಎತ್ತರದ ತನಕ ನೀವು ಒಪ್ತೀರಿ ಡಾಕ್ಟರಮ್ಮ?"

ಡಾಕ್ಟರಿಗೆ ನಗು ಬಂತು. "ಎಂಟೊಂಬತ್ತು ಸಾವಿರ ಅಡಿ. ಅದೂ ಒಂದೇ ದಿನಕ್ಕೆ ಏರಬಾರದು. ನಡುವೆ ಎರಡು ದಿನ ನಿಂತು, ನಿಧಾನವಾಗಿ. ಅದಕ್ಕೆ ಮೊದಲು ಮೂರು ತಿಂಗಳು ಮಾತ್ರೆ ತಗೊಂಡು ರಕ್ತ ಏರಿಸಿಕೊಂಡು ನನಗೆ ಮತ್ತೆ ತೋರಿಸಬೇಕು."

ಮನೆಗೆ ಬರುವ ಬಸ್ಸು ಸೂಲೂರು ದಾಟಿದ ಮೇಲೆ ಅತ್ತೆ, "ಒಂಬತ್ತು ಸಾವಿರದೊಳಗೆ ತರಿ ಇರೋ ಊರು ಯಾವ್ದಾದ್ರೂ ಇದೆಯಾ ಕೇಳು ಅವಳನ್ನ," ಅಂದರು. ಬಸ್ಸಿನಲ್ಲಿ ಕುಳಿತೇ ನಾನು ಮಗಳಿಗೆ ಫೋನು ಮಾಡಿದೆ. ಅವಳು ಮೂರು ದಿನ ತಡಕಾಡಿದಳು. ಆಮೇಲೆ ಸಿಕ್ಕಿದ್ದು ಕಿನ್ನೌರ್. ಅದೂ ಹಿಮಾಚಲವೇ, ಸ್ಪಿತಿಗೆ ಹೋಗುವ ದಾರಿಯಲ್ಲೇ ಸಿಗುವ ಸೀಮೆ, ಆದರೆ ಅಷ್ಟು ಎತ್ತರವಿಲ್ಲ. ಅಲ್ಲಿ ಸಾಂಗ್ಲಾ ಎಂಬ ಕಣಿವೆ. ಮನೆಮನೆಯಲ್ಲೂ ಉಣ್ಣೆಯ ಶಾಲು ನೇಯುತ್ತಾರೆ, ಅಂಚಿನಲ್ಲಿ ಬಣ್ಣಬಣ್ಣದ ಚಿಕ್ಕ ಚಿಕ್ಕ ಚಿತ್ರ. ಮಗಳು ಒಂದು ಶಾಲಿನ ಪಟವನ್ನು ದೊಡ್ಡದು ಮಾಡಿ ತೋರಿಸಿದಾಗ ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಆ ಸೊಂಟದ ತರಿ ಇಲ್ಲಿ ಇರಲ್ಲ ಅಜ್ಜಿ. ಇವರದು ಬೇರೆ," ಎಂದಳು ಮಗಳು.

"ಇರ್ಲಿ ಬಿಡು. ಈ ಅಂಚು ಹೇಗೆ ನೇಯ್ತಾರೆ ಅಂತ ನನಗೆ ತಿಳೀತಿಲ್ಲ. ತಿಳೀದಿದ್ರೆ ನೋಡೋಕೆ ಹೋಗ್ಬೇಕು ತಾನೆ?"

ಜುಲೈ ತಿಂಗಳ ಒಂದು ಬೆಳಿಗ್ಗೆ ತಾಯಿ ಮಗನ ಮಾತು ಆಯಿತು. ಅಂದು ನನಗೆ ರಜೆ. ಶೆಡ್ಡಿಗೆ ಕಾಫಿ ತೆಗೆದುಕೊಂಡು ಹೋಗಿದ್ದೆ. ಪವರ್‌ಲೂಮು ಓಡುವಾಗ ಶೆಡ್ಡಿನಲ್ಲಿ ಯಾರಿಗೂ ಮಾತು ಕೇಳಿಸುವುದಿಲ್ಲ. ತುಟಿ ನೋಡಿ, ಕೈಸನ್ನೆ ನೋಡಿ ತಿಳಿದುಕೊಳ್ಳುವುದು. ಅತ್ತೆ ಒಂದು ಲೂಮಿನ ಹಿಂದೆ ಕುಳಿತು ಕಡಿದ ಎಳೆ ಜೋಡಿಸುತ್ತಿದ್ದರು. ನನ್ನ ಗಂಡ ಅವರ ಪಕ್ಕದಲ್ಲಿ ಬಗ್ಗಿ ಏನೋ ಕೂಗಿ ಹೇಳುತ್ತಿದ್ದರು. ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಎಂಟೂ ಲೂಮು ಒಟ್ಟಿಗೆ ನಿಂತವು. ಆ ನಿಶ್ಶಬ್ದದಲ್ಲಿ ಅವರ ಕೂಗಿನ ಕೊನೆ ಮಾತ್ರ ಶೆಡ್ಡಿನ ತುಂಬ ಕೇಳಿಸಿತು.

"... ನನಗೆ ಭಯ ಆಗುತ್ತೆ ಅವ್ವಾ!"

ನನ್ನ ಗಂಡನಿಗೇ ನಾಚಿಕೆಯಾಯಿತು. ಕೆಲಸದವರಿಬ್ಬರೂ ಬೀಡಿಗೆಂದು ಹೊರಗೆ ನಡೆದರು. ಅತ್ತೆ ಎಳೆಯ ಗಂಟು ಬಿಗಿದು, ತುದಿ ಕತ್ತರಿಸಿ, ಕತ್ತರಿಯನ್ನು ಕೆಳಗಿಟ್ಟರು.

"ನನಗೂ ಆಗುತ್ತೆ ಕಣೋ," ಅಂದರು. "ಅವತ್ತಿಂದ ಎಲ್ಲಿಗೆ ಹೊರಟರೂ ಆಗುತ್ತೆ. ನಿಮ್ಮಪ್ಪ ಬಸ್ಸಲ್ಲಿ ಕೂತಿದ್ದಕ್ಕೆ ಹೋಗಲಿಲ್ಲ. ಮನೇಲಿ ಮಲಗಿದ್ದಿದ್ದರೂ ಹೋಗ್ತಿದ್ದರು. ಡಾಕ್ಟರು ಅವತ್ತೇ ಹೇಳಿದ್ರು, ನೀನು ಕೇಳಿಸ್ಕೊಳ್ಳಲಿಲ್ಲ."

"ನಾನು ಬೇಗ ಬಸ್ಸು ನಿಲ್ಲಿಸಬೇಕಿತ್ತು."

"ನಿಲ್ಲಿಸಿದೆ. ನಾನೇ ಪಕ್ಕದಲ್ಲಿದ್ದೆನಲ್ಲ, ನೋಡಿದ್ದೀನಿ. ನೀನು ಕೂಗಿದ ಕೂಡಲೇ ಡ್ರೈವರ್ ನಿಲ್ಲಿಸಿದ."

ನಾನು ಕಾಫಿಯ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಇವರಿಬ್ಬರೂ ಈ ಮಾತನ್ನು ಆಡಿಯೇ ಇರಲಿಲ್ಲ ಎಂದು ನನಗೆ ಆಗ ತಿಳಿಯಿತು. ಅತ್ತೆ ಕೈ ಎತ್ತಿದರು, ಎದ್ದು ನಿಲ್ಲಲು ಆಸರೆ ಬೇಕಾಗಿ. ನನ್ನ ಗಂಡ ಎಬ್ಬಿಸಿದರು. ಎಬ್ಬಿಸಿದ ಮೇಲೂ ಕೈ ಬಿಡಲಿಲ್ಲ. ಕರೆಂಟು ಬಂದು ಲೂಮುಗಳು ಮತ್ತೆ ಶುರುವಾದವು. ನಾನು ಕಾಫಿ ಕೊಟ್ಟೆ. ಅದು ಆರಿಹೋಗಿತ್ತು, ಇಬ್ಬರೂ ಹಾಗೇ ಕುಡಿದರು.

ಮಾರನೆಯ ವಾರ ನನ್ನ ಗಂಡ ಮಗಳಿಗೆ ಫೋನಿನಲ್ಲಿ ಹೇಳುತ್ತಿದ್ದುದು ಕೇಳಿಸಿತು. "ದೆಹಲಿ ರೈಲಿಗೆ ಮೂರು ಟಿಕೆಟ್ ಹಾಕು. ಎರಡಲ್ಲ, ಮೂರು. ಅವ್ವನಿಗೆ ಕೆಳಗಿನ ಬರ್ತ್ ಬೇಕು." ನಾನು ದೋಸೆ ಹೊಯ್ಯುತ್ತಿದ್ದೆ, ತವದ ಮೇಲಿದ್ದುದು ಸೀದು ಕಪ್ಪಾಯಿತು. ಶೆಡ್ಡನ್ನು ಹದಿನೈದು ದಿನ ನೋಡಿಕೊಳ್ಳಲು ಪಕ್ಕದ ಬೀದಿಯಲ್ಲಿರುವ ತಮ್ಮ ಚಿಕ್ಕಪ್ಪನ ಮಗನನ್ನು ಅವರೇ ಒಪ್ಪಿಸಿದರು. ಮಳೆಗಾಲ ಮುಗಿದು ರಸ್ತೆ ಗಟ್ಟಿಯಾದ ಮೇಲೆ, ಸೆಪ್ಟೆಂಬರ್ ಕೊನೆಗೆ ಹೊರಡುವುದು ಎಂದಾಯಿತು.

ಆಮೇಲಿನ ಎರಡು ತಿಂಗಳು ನಮ್ಮ ಮನೆಯಲ್ಲಿ ಎಂಥ ಸಡಗರ! ಮೊದಲು ಬಟ್ಟೆ. ತಿರುಪ್ಪೂರು ರೈಲು ನಿಲ್ದಾಣದ ಹತ್ತಿರ ಎಕ್ಸ್‌ಪೋರ್ಟಿನಲ್ಲಿ ಮಿಕ್ಕ ಮಾಲು ಮಾರುವ ಅಂಗಡಿಗಳ ಸಾಲಿದೆ. ಒಂದು ಸಂಜೆ ಅತ್ತೆಯನ್ನು ಅಲ್ಲಿಗೇ ಬರಹೇಳಿ ಕಂಪನಿ ಬಿಟ್ಟ ಮೇಲೆ ಸೇರಿಕೊಂಡೆ. ವಿದೇಶದ ದೊಡ್ಡ ಮೈಯವರಿಗೆಂದು ಹೊಲಿದ ಬಟ್ಟೆಗಳು. ನಮ್ಮತ್ತೆ ನನ್ನ ಭುಜದೆತ್ತರಕ್ಕೂ ಬರುವುದಿಲ್ಲ. ಎಲ್ಲಕ್ಕಿಂತ ಚಿಕ್ಕ ಸೈಜನ್ನು ಅವರ ಮೈಗೆ ಹಿಡಿದರೆ ಮೊಣಕಾಲ ತನಕ ಬಂತು. ಕೊನೆಗೆ ಅಂಗಡಿಯವನು ಮಕ್ಕಳ ಕಟ್ಟು ಬಿಚ್ಚಿದ. ಅಳತೆ ಸರಿಯಾಗಿ ಕೂತಿತು, ಆದರೆ ಎದೆಯ ಮೇಲೆ ಒಂದು ಕರಡಿ ನಗುತ್ತಿತ್ತು.

"ಸೀರೆಯೊಳಗೆ ಹಾಕೋದು ತಾನೆ? ಕರಡಿ ಯಾರಿಗೆ ಕಾಣುತ್ತೆ?" ಎಂದರು ಅತ್ತೆ.

ನಾನು ಅಭ್ಯಾಸಬಲದಿಂದ ತೋಳು ತಿರುಗಿಸಿ ಹೊಲಿಗೆ ನೋಡಿದೆ. ಕಂಕುಳಲ್ಲಿ ಎರಡು ಹೊಲಿಗೆ ಬಿಟ್ಟಿತ್ತು. ಯಾವ ಕಂಪನಿಯ ಚೆಕಿಂಗ್ ಇದು ಎಂದು ನನಗೆ ಸಿಟ್ಟು ಬಂತು. ಮನೆಗೆ ತಂದು ಆ ಹೊಲಿಗೆಯನ್ನು ನಾನೇ ಹಾಕಿದೆ. ಸೀರೆಯ ಕೆಳಗೆ ಪೈಜಾಮ ತೊಡುವುದಕ್ಕೆ ಮಾತ್ರ ಅತ್ತೆ ಒಪ್ಪಲಿಲ್ಲ. "ಗಂಡಸರ ಉಡುಪು, ನನಗ್ಯಾಕೆ?" ಎಂಬ ಹಟ. ಮಗಳು ಬಂದು ಅಲ್ಲಿನ ಹೆಂಗಸರೂ ಹಾಕಿಕೊಳ್ಳುತ್ತಾರೆ ಎಂದು ಪಟ ತೋರಿಸಿದ ಮೇಲೆ, ಒಂದು ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡು ಹಾಕಿ ನೋಡಿದರು. ಹೊರಗೆ ಬರುವಾಗ ಬೆವರಿನಿಂದ ಮುಖ ಹೊಳೆಯುತ್ತಿತ್ತು. "ಪರವಾಗಿಲ್ಲ," ಎಂದರು.

ಆಮೇಲೆ ಭಾಷೆ. ನಾನು ಕೊಳ್ಳೇಗಾಲದ ಕಡೆಯವಳು, ಕನ್ನಡ ಓದಿ ಬರೆದು ಬಲ್ಲೆ. ನನ್ನ ಗಂಡನ ಮನೆಯವರು ಎಷ್ಟೋ ತಲೆಮಾರಿನಿಂದ ಇಲ್ಲೇ ಇರುವವರು. ಅವರಿಗೆ ಕನ್ನಡ ಮನೆಯ ಮಾತು ಮಾತ್ರ. ಓದುವುದು, ಲೆಕ್ಕ ಹಾಕುವುದು, ಜಗಳವಾಡುವುದು ತಮಿಳಿನಲ್ಲಿ. ಹಿಂದಿ ಯಾರಿಗೂ ಬರದು. ನಮ್ಮ ಕಂಪನಿಯ ಹೊಲಿಗೆ ವಿಭಾಗದಲ್ಲಿ ಜಾರ್ಖಂಡಿನಿಂದ ಬಂದ ಒಬ್ಬ ಹೆಂಗಸಿದ್ದಾಳೆ. ಮೂವತ್ತೈದರ ಆಸುಪಾಸು, ತಮಿಳನ್ನು ನನಗಿಂತ ಜೋರಾಗಿ ಮಾತಾಡುತ್ತಾಳೆ. ಊಟದ ಬಿಡುವಿನಲ್ಲಿ ಅವಳೇ ನನಗೆ ಮೇಷ್ಟ್ರು. ನೀರು ಬೇಕು, ಬಸ್ಸು ಯಾವಾಗ, ಅತ್ತೆಗೆ ಖಾರ ಬೇಡ, ಇವನ್ನೆಲ್ಲ ನಾನು ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಕನ್ನಡದ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೆ. ಸಂಜೆ ಅತ್ತೆಗೆ ಓದಿ ಹೇಳುವುದು.

ಅತ್ತೆಗೆ ನೀರು, ಬಸ್ಸು ಬೇಕಿರಲಿಲ್ಲ. "ಹಾಸಿನಲ್ಲಿ ಎಷ್ಟು ಎಳೆ ಹಾಕಿದ್ದೀರಿ ಅಂತ ಹೇಗೆ ಕೇಳೋದು? ಅದನ್ನ ಕೇಳ್ಕೊಂಡು ಬಾ," ಎಂದರು.

ಜಾರ್ಖಂಡಿನವಳಿಗೆ ಹಾಸು, ಹೊಕ್ಕು ಎಂಬುದಕ್ಕೆ ಹಿಂದಿಯಲ್ಲಿ ಏನೆನ್ನುತ್ತಾರೆಂದು ಗೊತ್ತಿರಲಿಲ್ಲ. ಅವಳು ಹೊಲಿಯುವವಳು, ನೇಯುವವಳಲ್ಲ. ಆದರೆ ಬಿಡುವವಳೂ ಅಲ್ಲ. ಕಂಪನಿಯಲ್ಲೆಲ್ಲ ವಿಚಾರಿಸಿ, ಬಣ್ಣ ಹಾಕುವ ಕಡೆ ಕೆಲಸಕ್ಕಿದ್ದ ಉತ್ತರ ಪ್ರದೇಶದ ಒಬ್ಬ ಮುದುಕರನ್ನು ಹಿಡಿದಳು. ಅವರ ಮನೆತನವೇ ನೇಕಾರರದಂತೆ. ಅವರು ಕೈ ಒರೆಸಿಕೊಂಡು, ಒಂದು ಬೆರಳನ್ನು ಉದ್ದಕ್ಕೆ ಎಳೆದು, "ತಾನಾ," ಎಂದರು. ಅಡ್ಡಕ್ಕೆ ಎಳೆದು, "ಬಾನಾ." ಯಾರಿಗೆ ಬೇಕು ಇದು ಎಂದು ಕೇಳಿದರು. ನಮ್ಮತ್ತೆಗೆ, ಹಿಮಾಲಯದಲ್ಲಿ ಮಗ್ಗ ನೋಡುವುದಕ್ಕೆ ಎಂದು ಜಾರ್ಖಂಡಿನವಳು ತಿಳಿಸಿದಾಗ ಅವರು ಏನೋ ಉದ್ದವಾಗಿ ಹೇಳಿದರು. ಅವಳು ಅದನ್ನು ತಮಿಳಿಗೆ ಇಳಿಸಿದಳು. "ತನ್ನ ಅಮ್ಮನೂ ಹೀಗೇ ಇದ್ದಳಂತೆ. ಯಾರ ಮನೆಗೆ ಹೋದರೂ ಮೊದಲು ಮಗ್ಗದ ಹತ್ತಿರ ಹೋಗುತ್ತಿದ್ದಳಂತೆ."

ಅತ್ತೆ ಆ ಎರಡು ಮಾತು ಒಂದೇ ದಿನಕ್ಕೆ ಕಲಿತರು. ಬೆಳಿಗ್ಗೆ ಹೊಸಿಲಿಗೆ ನೀರು ಹಾಕುವಾಗಲೂ "ತಾನಾ, ಬಾನಾ" ಎನ್ನುತ್ತಿದ್ದರು. ಸೆಪ್ಟೆಂಬರಿನಲ್ಲಿ ಡಾಕ್ಟರಮ್ಮ ಮತ್ತೆ ರಕ್ತ ನೋಡಿ, "ಹೋಗಿಬನ್ನಿ. ನನಗೂ ಒಂದು ಫೋಟೊ ಕಳಿಸಿ," ಅಂದರು.

ಕೊಯಮತ್ತೂರಿನಲ್ಲಿ ಮಗಳು ನಮ್ಮನ್ನು ರೈಲು ಹತ್ತಿಸಿದಳು. ಮಾತ್ರೆಗಳನ್ನು ದಿನಕ್ಕೊಂದು ಚೀಟಿ ಮಾಡಿ ಅಪ್ಪನ ಜೇಬಿನಲ್ಲಿಟ್ಟಿದ್ದಳು. ಎರಡು ರಾತ್ರಿ ರೈಲು, ದೆಹಲಿಯಿಂದ ಬಸ್ಸು, ಶಿಮ್ಲಾದಲ್ಲಿ ಎರಡು ದಿನ ವಿಶ್ರಾಂತಿ. ಅಲ್ಲಿ ನನ್ನ ಗಂಡ ಗಂಟೆಗೊಮ್ಮೆ, "ಅವ್ವಾ, ಉಸಿರು ಹೇಗಿದೆ?" ಎಂದು ಕೇಳುತ್ತಿದ್ದರು. ನಾಲ್ಕನೆಯ ಸಲ ಅತ್ತೆ, "ನಿನ್ನ ಉಸಿರು ಹೇಗಿದೆ ಅದನ್ನ ನೋಡ್ಕೋ," ಎಂದು ಗದರಿದರು. ಗದರಿದ್ದು ಸರಿಯೇ ಆಗಿತ್ತು, ತಲೆನೋವು ಬಂದದ್ದು ನನ್ನ ಗಂಡನಿಗೇ. ಅತ್ತೆ ಮಗನ ಹಣೆಗೆ ಅಮೃತಾಂಜನ ಹಚ್ಚುತ್ತಾ ಆ ಸಂಜೆಯನ್ನು ಸಂತೋಷವಾಗಿ ಕಳೆದರು.

ಶಿಮ್ಲಾದಿಂದ ಮುಂದೆ ಸಟ್ಲೆಜ್ ನದಿಯ ಪಕ್ಕದ ರಸ್ತೆ. ಒಂದು ಕಡೆ ಗುಡ್ಡ ಜರಿದು ಮೂರು ಗಂಟೆ ಕಾದೆವು. ಜೆಸಿಬಿ ಕಲ್ಲು ಸರಿಸುತ್ತಿತ್ತು. ಬಸ್ಸಿನವರೆಲ್ಲ ಇಳಿದು ರಸ್ತೆಯ ಬದಿಯಲ್ಲಿ ಕುಳಿತರು. ನಾವು ಪುಳಿಯೋಗರೆಯ ಡಬ್ಬಿ ತೆಗೆದೆವು, ಅಲ್ಲಿಯವರು ಅಕ್ರೋಟು ಕೊಟ್ಟರು. ನನ್ನ ಗಂಡ ಜರಿದ ಗುಡ್ಡವನ್ನೂ ನದಿಯ ಆಳವನ್ನೂ ನೋಡುತ್ತಾ ಕುಳಿತಿದ್ದರು. ಆದರೆ ವಾಪಸ್ ಹೋಗೋಣ ಎನ್ನಲಿಲ್ಲ.

ಸಾಂಗ್ಲಾ ಕಣಿವೆಯಲ್ಲಿ ನಾವು ಉಳಿದ ಮನೆಯೊಡತಿಯೇ ಮಾರನೆಯ ದಿನ ನಮ್ಮನ್ನು ತನ್ನ ಅಕ್ಕನ ಮನೆಗೆ ಕರೆದೊಯ್ದಳು. ಮರದ ಮನೆ, ಕಿಟಕಿಯ ಪಕ್ಕದಲ್ಲಿ ಮಗ್ಗ. ಆ ಅಕ್ಕನಿಗೂ ಅರವತ್ತು ದಾಟಿರಬೇಕು, ತಲೆಗೆ ಹಸಿರು ಪಟ್ಟಿಯ ಟೋಪಿ. ಅತ್ತೆ ನಮಸ್ಕಾರವನ್ನೂ ಮಾಡದೆ ನೇರವಾಗಿ ಮಗ್ಗದ ಬಳಿ ಹೋಗಿ ಬಗ್ಗಿದರು. ಆಮೇಲೆ ನೆನಪಾಗಿ ತಿರುಗಿ ಕೈ ಮುಗಿದರು.

"ತಾನಾ?" ಎಂದು ಬೆರಳು ತೋರಿಸಿದರು. ಆ ಅಕ್ಕ ಕಣ್ಣರಳಿಸಿ ಏನೋ ಒಂದು ಸಂಖ್ಯೆ ಹೇಳಿದಳು. ನನ್ನ ಹಿಂದಿಗೆ ಅಷ್ಟು ದೊಡ್ಡ ಸಂಖ್ಯೆ ನಿಲುಕಲಿಲ್ಲ. ಆಕೆ ಬೆರಳು ಮಡಿಸಿ ತೋರಿಸಿದಳು, ಅತ್ತೆ ತಲೆಯಾಡಿಸಿದರು. ಅಲ್ಲಿಂದ ಮುಂದೆ ನನ್ನ ನೋಟ್‌ಬುಕ್ಕಿಗೆ ಕೆಲಸವಿರಲಿಲ್ಲ. ಅಂಚಿನ ಚಿತ್ರಕ್ಕೆ ಆಕೆ ಯಾವ ನಕ್ಷೆಯನ್ನೂ ಇಟ್ಟುಕೊಂಡಿರಲಿಲ್ಲ. ಬೆರಳಿನಿಂದ ಎಳೆ ಎತ್ತುವುದು, ಬಣ್ಣದ ಉಣ್ಣೆಯ ತುಂಡನ್ನು ತೂರಿಸುವುದು, ಹಣಿಗೆಯಿಂದ ಬಡಿಯುವುದು. ಲೆಕ್ಕವೆಲ್ಲ ಆಕೆಯ ತಲೆಯಲ್ಲಿತ್ತು. ಅತ್ತೆ ಒಂದು ಗಂಟೆ ನೋಡಿದರು. ಆಮೇಲೆ ಆಕೆ ಪಕ್ಕಕ್ಕೆ ಸರಿದು, ಕುಳಿತುಕೋ ಎಂದು ಹಲಗೆ ತಟ್ಟಿದಳು.

ಅತ್ತೆ ಸೀರೆ ಸಿಕ್ಕಿಸಿ ಕುಳಿತರು. ನಾಲ್ಕು ಸಾಲು ನೇಯ್ದರು. ನಾಲ್ಕೂ ತಪ್ಪು. ಚಿತ್ರ ಒಂದು ಕಡೆ ವಾಲಿತು. ಆ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅತ್ತೆಯೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಾವೇ ನಾಲ್ಕೂ ಸಾಲು ಬಿಚ್ಚಿ, ಮತ್ತೆ ಶುರುಮಾಡಿದರು. ಎರಡನೆಯ ಸಲ ಒಂದು ಸಾಲು ಸರಿಬಂತು. ಆಕೆ ಅದರ ಮೇಲೆ ಬೆರಳಿಟ್ಟು, "ಅಚ್ಛಾ," ಎಂದಳು. ನನ್ನ ಗಂಡ ಕಿಟಕಿಯ ಹತ್ತಿರ ನಿಂತು ಫೋಟೊ ತೆಗೆಯುತ್ತಿದ್ದವರು ಫೋನನ್ನು ಕೆಳಗಿಳಿಸಿ, ಬರಿಗಣ್ಣಲ್ಲೇ ನೋಡುತ್ತಾ ನಿಂತರು. ಅವ್ವ ಮಗ್ಗಕ್ಕೆ ಕುಳಿತದ್ದನ್ನು ಅವರು ಚಿಕ್ಕವರಿದ್ದಾಗ ನೋಡಿದ್ದು.

ಕಣಿವೆಯಲ್ಲಿದ್ದ ಮೂರು ದಿನವೂ ಅತ್ತೆ ಅಲ್ಲಿಗೇ ಹೋದರು. ಕೊನೆಯ ಬೆಳಿಗ್ಗೆ ತಾಯಿಯ ಜೊತೆ ಮಗನೂ ಹೋದರು. ಇಬ್ಬರೂ ಬೇಗ ಬರುವಂತಿರಲಿಲ್ಲ. ನಾನು ಒಬ್ಬಳೇ ಮನೆಯ ಹಿಂದಿನ ಕಾಲುದಾರಿಯಲ್ಲಿ ನಡೆದೆ. ಮದುವೆಯಾದ ಮೇಲೆ ಹೀಗೆ ಯಾವ ಕೆಲಸವೂ ಇಲ್ಲದೆ, ಯಾರಿಗೂ ಹೇಳದೆ ಒಬ್ಬಳೇ ನಡೆದ ನೆನಪು ನನಗಿಲ್ಲ. ಕೆಳಗೆ ಬಾಸ್ಪಾ ಹೊಳೆಯ ಸದ್ದು, ಎದುರಿಗೆ ಬಿಳಿ ಬೆಟ್ಟ. ಒಂದು ಕಲ್ಲುಗೋಡೆಯ ಮೇಲೆ ಕುಳಿತೆ. ಹತ್ತೊಂಬತ್ತು ವರ್ಷ ಹೊಲಿಗೆ ನೋಡಿ ಕಳಿಸಿದಂಥ ದಪ್ಪ ಬನಿಯನ್ ಈಗ ನನ್ನ ಮೈಮೇಲೇ ಇತ್ತು, ಅದರೊಳಗೂ ಚಳಿ ತೂರುತ್ತಿತ್ತು. ತೋಟದೊಳಗಿಂದ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡ ಒಬ್ಬ ಹೆಂಗಸು ಬಂದಳು. ನನ್ನನ್ನು ನೋಡಿ, ಬುಟ್ಟಿಗೆ ಕೈ ಹಾಕಿ ಒಂದು ಸೇಬು ಕೊಟ್ಟು, ಮುಂದೆ ನಡೆದಳು. ಹಣ್ಣು ಮಂಜಿನಲ್ಲಿ ನೆನೆದು ತಣ್ಣಗಿತ್ತು. ಅಲ್ಲೇ ಕುಳಿತು ಪೂರ್ತಿ ತಿಂದೆ.